ಅಕ್ಕ ಕೊಟ್ಟ ಮಾತ್ರೆ

ನಮ್ಮ ಡಿಪೋದಲ್ಲಿ ಆಕೆಯನ್ನು ಎಲ್ಲರೂ ಸೀಟಿಯಮ್ಮ ಎನ್ನುತ್ತಿದ್ದರು. ಇಲಾಖೆಯವರು ಕೊಟ್ಟ ಸೀಟಿ ಕೊರಳಲ್ಲಿ ಸುಮ್ಮನೆ ತೂಗಾಡುತ್ತಿತ್ತು. ಆಕೆ ಎರಡು ಬೆರಳನ್ನು ನಾಲಿಗೆಯ ಕೆಳಗಿಟ್ಟು ಹೊಡೆದರೆ ಸಾಕು, ಮುಂದಿನ ಬಸ್ಸಿನ ಡ್ರೈವರೂ ಬ್ರೇಕ್ ಒತ್ತುತ್ತಿದ್ದ. ನಾನು ಆಕೆಯ ಬಸ್ಸಿನ ಡ್ರೈವರು. ಒಂದೇ ರೂಟಿನಲ್ಲಿ ನಾವಿಬ್ಬರೂ ಬಹಳ ವರ್ಷ ಜೊತೆಗೆ ದುಡಿದೆವು. ಡ್ರೈವರಿಗೆ ಕಂಡಕ್ಟರಿನ ಮುಖಕ್ಕಿಂತ ದನಿಯ ಪರಿಚಯವೇ ಹೆಚ್ಚು. ಬೆನ್ನ ಹಿಂದೆ ಯಾರಿಗೆ ಚಿಲ್ಲರೆ ಸಿಗಲಿಲ್ಲ, ಯಾರು ಕುಡಿದು ಹತ್ತಿದ್ದಾರೆ, ಯಾವ ಮುದುಕಿ ಇಳಿಯಲು ತಡ ಮಾಡುತ್ತಿದ್ದಾಳೆ, ಎಲ್ಲವೂ ನನಗೆ ಆಕೆಯ ದನಿಯ ಏರಿಳಿತದಲ್ಲೇ ತಿಳಿಯುತ್ತಿತ್ತು.

ಸೀಟಿಯಮ್ಮ ಮದುವೆಯಾಗಲಿಲ್ಲ. ಯಾರಾದರೂ ಕೆದಕಿದರೆ, "ದಿನಾ ಒಂದು ಬಸ್ಸು ಜನಾನ ಹತ್ತಿಸಿ ಇಳಿಸ್ತೀನಿ, ಒಬ್ಬನ್ನ ಮಾತ್ರ ಇಳಿಸದೇ ಇಟ್ಕೋಬೇಕು ಅಂದ್ರೆ ನನ್ನ ಕೈಲಾಗಲ್ಲ ಕಣ್ರೀ" ಎಂದು ನಗಿಸಿಬಿಡುತ್ತಿದ್ದಳು. ಆಕೆಗೆ ಇದ್ದದ್ದು ಒಬ್ಬಳೇ ಅಕ್ಕ. ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಆ ಅಕ್ಕನ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು.

ಇಬ್ಬರೂ ಇಟ್ಟಿಗೆಗೂಡಿನಲ್ಲಿ ಬೆಳೆದವರು. ಅಪ್ಪ ಅಮ್ಮ ಅಚ್ಚು ಹಾಕುತ್ತಿದ್ದರೆ, ಅಕ್ಕ ತಂಗಿಯರದು ಮಣ್ಣು ತುಳಿಯುವ ಕೆಲಸ. ಗುಂಡಿಯಲ್ಲಿ ನೀರು ಬಿಟ್ಟು, ಮೊಣಕಾಲಿನವರೆಗೆ ಇಳಿದು, ಕೈ ಕೈ ಹಿಡಿದು ಸುತ್ತು ಹಾಕುತ್ತಿದ್ದರಂತೆ. ಚಪ್ಪಲಿಯ ಮಾತೇ ಇರಲಿಲ್ಲ. ಕೂಲಿಯವರಿಗೆಲ್ಲ ಬಯಲೇ ಪಾಯಿಖಾನೆ. ಗುಂಡಿಗೆ ಬರುತ್ತಿದ್ದದ್ದೂ ಅದೇ ಬಯಲಿನ ಮಣ್ಣು. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅಕ್ಕ ಇನ್ನೂ ಲಂಗ ತೊಡುವ ಹುಡುಗಿ. ಆದರೂ ತಂಗಿಯನ್ನು ಗೂಡಿನಿಂದ ಹೊರಗೆ ಎಳೆದು ತಂದು, ನಾಲ್ಕು ಮನೆಯ ಪಾತ್ರೆ ತಿಕ್ಕಿ ಶಾಲೆಗೆ ಹಾಕಿದಳು. ತಾನು ಮುಂದೆ ಔಷಧದಂಗಡಿಯವನೊಬ್ಬನನ್ನು ಮದುವೆಯಾದಳು. ಆತ ಒಳ್ಳೆಯವನು. ಹೆಂಡತಿಗೆ ಗಲ್ಲಾದ ಪಕ್ಕ ಸ್ಟೂಲು ಹಾಕಿ ಕೂರಿಸಿ, ಯಾವ ನೋವಿಗೆ ಯಾವ ಮಾತ್ರೆ ಎಂದು ಹೇಳಿಕೊಟ್ಟ. ಆತ ತೀರಿಹೋದ ಮೇಲೆ ಆತನ ಹೆಸರಿನ ಪರವಾನಗಿ ಗಾಜಿನ ಚೌಕಟ್ಟಿನಲ್ಲಿ ಹಾಗೇ ತೂಗುತ್ತಿತ್ತು, ಅದರ ಕೆಳಗೆ ಅಕ್ಕ ಕೂರುತ್ತಿದ್ದಳು. ಬೀದಿಯ ಅರ್ಧ ಜನಕ್ಕೆ ಆಕೆಯೇ ಡಾಕ್ಟರು. ಗದರಿಸುತ್ತಲೇ ಔಷಧ ಕೊಡುವವಳು, ಹಾಗಾಗಿ ನಂಬಿಕೆ ಇನ್ನೂ ಜಾಸ್ತಿ.

ಸೀಟಿಯಮ್ಮನಿಗೆ ಉಬ್ಬಸ ಶುರುವಾದದ್ದು ನಡುವಯಸ್ಸಿನಲ್ಲಿ. ಮೊದಲು ಬೆಳಗಿನ ಕೆಮ್ಮು, ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಜೊತೆಗೆ ವಿಚಿತ್ರವಾದೊಂದು ತುರಿಕೆ. ಸೊಂಟದ ಮೇಲೋ ತೊಡೆಯ ಮೇಲೋ ದಾರ ಎಳೆದ ಹಾಗೆ ಒಂದು ಕೆಂಪು ಗೆರೆ ಏಳುವುದು. ಬೆಳಿಗ್ಗೆ ಇಲ್ಲಿದ್ದದ್ದು ಮಧ್ಯಾಹ್ನಕ್ಕೆ ಗೇಣುದ್ದ ಮುಂದೆ ಹೋಗಿರುವುದು. "ನನ್ನ ಮೈಮೇಲೂ ಯಾರೋ ರೂಟ್ ಹಾಕಿದಾರೆ ಡ್ರೈವರಣ್ಣಾ, ಸ್ಟಾಪೇ ಇಲ್ದೆ ಓಡ್ತಿದೆ" ಎಂದು ತಮಾಷೆ ಮಾಡುತ್ತಿದ್ದಳು. ಒಂದೆರಡು ದಿನಕ್ಕೆ ಅದು ತಾನಾಗಿ ಮಾಯವಾಗುತ್ತಿತ್ತು, ಹಾಗಾಗಿ ಯಾರೂ ಅದನ್ನು ಕಾಯಿಲೆ ಎಂದು ಎಣಿಸಲಿಲ್ಲ.

ಉಬ್ಬಸಕ್ಕೆ ರಕ್ತ ಪರೀಕ್ಷೆ ಮಾಡಿಸಿದರು. ಬಿಳಿ ಕಣಗಳ ಪೈಕಿ ಇಯೋಸಿನೋಫಿಲ್ ಎನ್ನುವ ಒಂದು ಜಾತಿ ಇರಬೇಕಾದದ್ದಕ್ಕಿಂತ ಬಹಳ ಹೆಚ್ಚು ಎಂದು ಬಂತು. ನೋಡಿದ ಡಾಕ್ಟರು ಅವಸರದವರು. "ಅಲರ್ಜಿ, ಬಸ್ಸಿನ ಧೂಳು" ಎಂದು ಒಂದು ಸಿರಪ್ ಬರೆದು ಕಳುಹಿಸಿದರು. ಅಕ್ಕನಿಗೆ ಅಷ್ಟು ಸಾಲಲಿಲ್ಲ. ಅಂಗಡಿಗೆ ಬರುವ ಕಂಪನಿ ಪ್ರತಿನಿಧಿಗಳನ್ನು ಕೇಳಿ, ತಲೆಯಾಡಿಸಿ, ತಂಗಿಗೆ ತೀರ್ಪು ಕೊಟ್ಟಳು.

"ಈ ಕಣಗಳೇ ನಿನ್ನ ಶತ್ರು. ಇವು ಹೆಚ್ಚಾಗಿ ಎದೆ ಕಟ್ತಿವೆ. ಇವನ್ನ ಇಳಿಸಿದ್ರೆ ಉಸಿರು ತಾನಾಗಿ ಬರುತ್ತೆ."

"ಇಳಿಸೋಕೆ ಔಷಧ ಇದ್ಯಾ?"

"ನಾನಿದೀನಲ್ಲ."

ಚಿಕ್ಕ ಚಿಕ್ಕ ಬಿಳಿ ಮಾತ್ರೆಗಳು. ಪಟ್ಟಿಯಿಂದ ಬಿಡಿಸಿ, ಒಂದು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಕೊಟ್ಟಳು. ಏನು ಮಾತ್ರೆ ಎಂದು ತಂಗಿ ಕೇಳಿದ್ದಕ್ಕೆ "ಶಕ್ತಿ ಮಾತ್ರೆ ಅನ್ಕೋ, ದಿನಾ ಊಟ ಆದ್ಮೇಲೆ ತಗೋ, ಬಿಡಬೇಡ" ಎಂದಳು. ಸೀಟಿಯಮ್ಮ ಮತ್ತೆ ಕೇಳಲಿಲ್ಲ. ಹಾಲು ಕೊಟ್ಟ ಕೈ ವಿಷ ಕೊಡುತ್ತದೆಯೇ?

ಮಾತ್ರೆ ಕೆಲಸ ಮಾಡಿತು, ಅದರಲ್ಲಿ ಎರಡು ಮಾತಿಲ್ಲ. ವಾರ ಕಳೆಯುವುದರೊಳಗೆ ಉಬ್ಬಸ ಮಂಗಮಾಯ. ತುರಿಕೆಯೂ ನಿಂತಿತು. ಹಸಿವು ಹೆಚ್ಚಾಯಿತು, ಊಟದ ಡಬ್ಬಿ ಒಂದಿದ್ದದ್ದು ಎರಡಾಯಿತು. ಮೂಳೆ ಎದ್ದಿದ್ದ ಕೆನ್ನೆ ತುಂಬಿಕೊಂಡಿತು. "ಏನಮ್ಮಾ, ಗುಟ್ಟಾಗಿ ಮದುವೆ ಆದ್ಯಾ?" ಎಂದು ಡಿಪೋದವರು ಛೇಡಿಸಿದರು. ನಿಜ ಹೇಳಬೇಕೆಂದರೆ ಆ ಒಂದೆರಡು ವರ್ಷ ಆಕೆ ಇದ್ದಷ್ಟು ಖುಷಿಯಾಗಿ ನಾನು ಆಕೆಯನ್ನು ಎಂದೂ ಕಂಡಿರಲಿಲ್ಲ. ಪಾಳಿ ಮುಗಿದ ಮೇಲೂ ಹಾಡು ಗುನುಗುತ್ತಾ ನಡೆಯುತ್ತಿದ್ದಳು. ಮತ್ತೆ ರಕ್ತ ಪರೀಕ್ಷೆ ಮಾಡಿಸಿದಾಗ ಆ ಕಣಗಳು ಇಳಿದು ನೆಲ ಕಚ್ಚಿದ್ದವು. ಅಕ್ಕ ಆ ವರದಿಯನ್ನು ಅಂಗಡಿಗೆ ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸಿದಳಂತೆ. "ಡಾಕ್ಟರ ಕೈಲಿ ಆಗಿರಲಿಲ್ಲ, ನಾನು ಇಳಿಸಿದೆ ನೋಡಿ."

ಆಮೇಲೆ ನಿಧಾನಕ್ಕೆ ಏನೋ ಕೆಡತೊಡಗಿತು. ಮುಖ ತುಂಬಿದ್ದು ಊದಿಕೊಂಡ ಹಾಗೆ ಕಾಣಿಸಿತು. ಮುಂಗೈಗೆ ಕಂಬಿ ತಾಗಿದರೂ ನೀಲಿಗಟ್ಟುವುದು. ಹೊಟ್ಟೆಯಲ್ಲಿ ಯಾರೋ ಹಿಂಡಿದ ಹಾಗೆ ನೋವು, ಊಟ ಸೇರದು, ಭೇದಿ. ಬಿಟ್ಟುಹೋಗಿದ್ದ ಕೆಮ್ಮು ಮತ್ತೆ ಬಂತು, ಈ ಸಲ ಬಡ್ಡಿ ಸಮೇತ. ಅಕ್ಕನಿಗೆ ಹೇಳಿದರೆ, "ಒಂದರ ಬದಲು ಎರಡು ತಗೋ" ಎಂದಳು.

ಒಂದು ಬೆಳಿಗ್ಗೆ ಎರಡನೇ ಟ್ರಿಪ್ಪಿನಲ್ಲಿ, ಸೇತುವೆ ದಾಟುತ್ತಿದ್ದ ಹಾಗೆ, ಹಿಂದಿನಿಂದ ದನಿ ನಿಂತಿತು. ಮೊದಲು ನನಗೆ ಏನು ಕಡಿಮೆಯಾಯಿತು ಎಂದೇ ಹೊಳೆಯಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಆಕೆ ಕಂಬಿಗೆ ಒರಗಿ ಜಾರುತ್ತಿದ್ದಾಳೆ, ತುಟಿ ನೀಲಿ. ಒಬ್ಬ ಹೆಂಗಸು ತೊಡೆಯ ಮೇಲೆ ತಲೆ ಇಟ್ಟುಕೊಂಡಳು. ನಾನು ಸ್ಟಾಪುಗಳನ್ನೆಲ್ಲ ಬಿಟ್ಟು ಬಸ್ಸನ್ನು ನೇರ ದೊಡ್ಡಾಸ್ಪತ್ರೆಗೆ ತಿರುಗಿಸಿದೆ. ತುಂಬಿದ ಬಸ್ಸು. ಕೆಲಸಕ್ಕೆ ಹೋಗುವವರು, ಪರೀಕ್ಷೆಗೆ ಹೋಗುವವರು ಇದ್ದರು. ಒಬ್ಬರೂ ತುಟಿ ಪಿಟಿಕ್ಕೆನ್ನಲಿಲ್ಲ. ಆಸ್ಪತ್ರೆಯ ಗೇಟಿನ ಮುಂದೆ ಇಳಿದು ನಡೆದುಕೊಂಡು ಹೋದರು.

ಅಕ್ಕ ಆಟೋದಲ್ಲಿ ಓಡಿ ಬಂದಳು. ಮುಂದೆ ನಡೆದದ್ದನ್ನು ನಾನು ಕಣ್ಣಾರೆ ಕಾಣಲಿಲ್ಲ, ಗೇಟಿಗೆ ಅಡ್ಡ ನಿಂತಿದ್ದ ಬಸ್ಸನ್ನು ತೆಗೆಯಲು ಹೋಗಿದ್ದೆ. ಇದು ಸೀಟಿಯಮ್ಮನೇ ಆಮೇಲೆ ನನಗೆ ಹೇಳಿದ್ದು, ಒಂದು ಸಲವಲ್ಲ, ಹತ್ತಾರು ಸಲ.

ಮೂಗಿನ ಮೇಲೆ ಆಮ್ಲಜನಕದ ಮುಖವಾಡ. ಪಕ್ಕದಲ್ಲಿ ಅಕ್ಕ ಕೈ ಹಿಡಿದು ನಿಂತಿದ್ದಾಳೆ. ಶ್ವಾಸಕೋಶದ ಡಾಕ್ಟರು, ಇನ್ನೂ ಚಿಕ್ಕ ವಯಸ್ಸಿನ ಹೆಂಗಸು, ಊದಿದ ಮುಖವನ್ನೂ ಕೈಯ ನೀಲಿ ಕಲೆಗಳನ್ನೂ ತಿರುಗಿಸಿ ತಿರುಗಿಸಿ ನೋಡಿ ಅಕ್ಕನನ್ನು ಕೇಳಿದರು.

"ಇವರು ಬಹಳ ದಿನದಿಂದ ಏನಾದ್ರೂ ಮಾತ್ರೆ ತಗೊಳ್ತಿದ್ರಾ? ಉಬ್ಬಸಕ್ಕೆ, ಮಂಡಿ ನೋವಿಗೆ, ಯಾವುದಾದ್ರೂ ಸರಿ. ಸ್ಟಿರಾಯ್ಡ್ ಏನಾದ್ರೂ?"

"ಇಲ್ಲ" ಎಂದಳು ಅಕ್ಕ.

"ಯೋಚನೆ ಮಾಡಿ ಹೇಳಿ. ಇದು ಮುಖ್ಯ."

"ಏನೂ ಇಲ್ಲ ಡಾಕ್ಟ್ರೇ. ನಾನೇ ಔಷಧದಂಗಡಿ ಇಟ್ಟೋಳು, ನನಗೆ ಗೊತ್ತಿರಲ್ವಾ?"

ಸೀಟಿಯಮ್ಮನಿಗೆ ಮಾತೆಲ್ಲ ಕೇಳಿಸುತ್ತಿತ್ತು. ದಿನಾ ತೆಗೆದುಕೊಳ್ಳುವ ಬಿಳಿ ಮಾತ್ರೆಯನ್ನು ಅಕ್ಕ ಯಾಕೆ ಹೇಳಲಿಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಕೈ ಎತ್ತಬೇಕೆಂದುಕೊಂಡಳು. ಮರುಕ್ಷಣ, ಅದು ಬರೀ ಶಕ್ತಿ ಮಾತ್ರೆ, ಹೇಳುವ ಅಗತ್ಯ ಇರಲಿಕ್ಕಿಲ್ಲ, ಅಕ್ಕನಿಗೆ ಗೊತ್ತಿಲ್ಲದ್ದೇ ಎಂದುಕೊಂಡು ಕಣ್ಣು ಮುಚ್ಚಿದಳು. ಕೈ ಹಿಡಿದಿದ್ದ ಅಕ್ಕನ ಅಂಗೈ ಬೆವರುತ್ತಿತ್ತಂತೆ. ಅದು ತನಗೇನಾಗುವುದೋ ಎಂಬ ಗಾಬರಿಗೆ ಎಂದೇ ಈಕೆ ತಿಳಿದಳು.

ಅಕ್ಕನ ಮಾತು ನಂಬಿ ಡಾಕ್ಟರು ಇದನ್ನು ತೀವ್ರ ಉಬ್ಬಸ ಎಂದು ಚಿಕಿತ್ಸೆ ಮಾಡಿದರು. ಅದಕ್ಕೆ ಕೊಡುವುದೂ ಸ್ಟಿರಾಯ್ಡೇ, ಈ ಸಲ ನರಕ್ಕೆ ಚುಚ್ಚಿ. ಉರಿಯುವ ಬೆಂಕಿಗೆ ಎಣ್ಣೆ ಹೊಯ್ದ ಹಾಗಾಯಿತು. ಜ್ವರ ಏರಿತು, ಕಫದಲ್ಲಿ ರಕ್ತ ಕಂಡಿತು, ಹೊಕ್ಕುಳ ಸುತ್ತ ನೇರಳೆ ಚುಕ್ಕೆಗಳೆದ್ದವು. ಮರುದಿನ ನಾನು ಹೋದಾಗ ಆಕೆಯ ಮುಖದಲ್ಲಿ ಕಳೆಯೇ ಇರಲಿಲ್ಲ. ಡಾಕ್ಟರು ನನ್ನನ್ನೇ ಮನೆಯವನೆಂದುಕೊಂಡು, "ಯಾವುದಕ್ಕೂ ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಎಂದರು.

ಆದರೆ ಅವರು ಕೈ ಚೆಲ್ಲಿ ಕೂರಲಿಲ್ಲ. ಕಫವನ್ನು ಪ್ರಯೋಗಾಲಯಕ್ಕೆ ಕಳುಹಿಸಿದ್ದರು. ಮಧ್ಯಾಹ್ನ ಪ್ರಯೋಗಾಲಯದ ಮೇಡಂ ಮಹಡಿ ಇಳಿದು ತಾವೇ ಓಡಿ ಬಂದರು. ಅವರು ಬಂದ ರಭಸಕ್ಕೇ ನನಗೆ ಏನೋ ಆಗಿದೆ ಎನ್ನಿಸಿತು. ಕಫದಲ್ಲಿ ಹುಳುವಿನ ಮರಿಗಳು. ಸೂಕ್ಷ್ಮದರ್ಶಕದ ಕೆಳಗೆ ಮಿಸುಕಾಡುತ್ತಿವೆ, ಒಂದಲ್ಲ, ಎಣಿಸಲಾಗದಷ್ಟು.

ಡಾಕ್ಟರು ರಕ್ತದ ವರದಿಯನ್ನು ಮತ್ತೆ ತರಿಸಿ ನೋಡಿದರು. ಅವರ ಹುಬ್ಬು ಗಂಟಿಕ್ಕಿತು. ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಅಕ್ಕ ಆಗ ಅಂಗಡಿ ತೆರೆಯಲು ಹೋಗಿದ್ದಳು, ನಾನೊಬ್ಬನೇ ಇದ್ದೆ.

"ಅಮ್ಮಾ, ಇಷ್ಟು ಹುಳ ಇರೋರ ರಕ್ತದಲ್ಲಿ ಇಯೋಸಿನೋಫಿಲ್ ಅನ್ನೋ ಕಣ ರಾಶಿ ಇರಬೇಕು. ನೀವು ಇಲ್ಲಿಗೆ ಬಂದ ತಕ್ಷಣ ತೆಗೆದ ರಕ್ತದಲ್ಲೇ ಒಂದೂ ಇರಲಿಲ್ಲ. ನಮ್ಮ ಇಂಜೆಕ್ಷನ್ನಿಗೂ ಮುಂಚೆ. ಯಾರೋ ಅವನ್ನ ಮೊದಲೇ ಒರೆಸಿ ಹಾಕಿದಾರೆ. ನೀವೇನು ತಗೊಳ್ತಿದ್ರಿ?"

ಸೀಟಿಯಮ್ಮ ಮುಖವಾಡ ಸರಿಸಿ, ಉಸಿರು ಕೂಡಿಸಿಕೊಂಡು ಹೇಳಿದಳು. "ಏನೂ ಇಲ್ಲ. ಅಕ್ಕ ಕೊಡೋ ಶಕ್ತಿ ಮಾತ್ರೆ ಅಷ್ಟೇ."

ಡಾಕ್ಟರು ನನ್ನ ಕಡೆ ತಿರುಗಿ, "ಅದನ್ನ ಈಗಲೇ ತರ್ತೀರಾ?" ಎಂದರು.

ಸೀಟಿಯಮ್ಮ ಒಬ್ಬಳೇ ಇದ್ದ ಕೋಣೆಯ ಬೀಗದ ಕೈ ಆಕೆಯ ಚೀಲದಲ್ಲೇ ಇತ್ತು. ದಾರಿಯಲ್ಲಿ ಅಕ್ಕನ ಅಂಗಡಿ. ಮಾತ್ರೆಯ ಹೆಸರು ಕೇಳಿಕೊಂಡೇ ಹೋಗೋಣವೆಂದು ಇಳಿದೆ. ಹುಳುವಿನ ವಿಷಯ ಹೇಳಿದೆ, ಡಾಕ್ಟರು ಕೇಳಿದ್ದನ್ನೂ ಹೇಳಿದೆ. ಅಕ್ಕ ಕೈಯಲ್ಲಿದ್ದ ಕಾಗದವನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು.

"ಅದಾ? ಅದು ಬರೀ ವಿಟಮಿನ್ನು. ಅದನ್ನೆಲ್ಲ ಯಾಕೆ ಹೊತ್ಕೊಂಡು ಹೋಗ್ತೀರಿ? ನಾನೇ ಸಂಜೆ ಬಂದು ಡಾಕ್ಟರಿಗೆ ಹೇಳ್ತೀನಿ ಬಿಡಿ."

"ಈಗಲೇ ಬೇಕಂತೆ."

"ವಿಟಮಿನ್ನು ಅಂದ್ನಲ್ಲ! ನೀವು ಬಸ್ಸು ಓಡಿಸೋರು, ನಿಮಗೇನು ಗೊತ್ತಾಗುತ್ತೆ?"

ಗೊತ್ತಾಗುತ್ತಿರಲಿಲ್ಲ, ನಿಜ. ಅದಕ್ಕೇ ಕೋಣೆಗೆ ಹೋಗಿ ಡಬ್ಬಿಯನ್ನು ಹಾಗೇ ತಂದು ಡಾಕ್ಟರ ಕೈಗೆ ಕೊಟ್ಟೆ. ಅವರು ಒಂದು ಮಾತ್ರೆಯನ್ನು ಅಂಗೈ ಮೇಲೆ ಇಟ್ಟು, ಅದರ ಮೇಲಿನ ಗುರುತು ನೋಡಿ, ಆಸ್ಪತ್ರೆಯ ಔಷಧ ವಿಭಾಗಕ್ಕೂ ತೋರಿಸಿ ಬಂದರು. ಸ್ಟಿರಾಯ್ಡ್.

ಆ ಹೊತ್ತಿನಿಂದ ಚಿಕಿತ್ಸೆಯ ದಾರಿಯೇ ಬದಲಾಯಿತು. ಹುಳುವಿಗೆ ಔಷಧ. ಮರಿಗಳು ಕರುಳು ಕೊರೆದು ಹೊರಡುವಾಗ ಅಲ್ಲಿನ ಕೀಟಾಣುಗಳನ್ನೂ ಮೈಗಂಟಿಸಿಕೊಂಡು ರಕ್ತಕ್ಕೆ ತಂದಿದ್ದವು, ಅದಕ್ಕೆ ಬೇರೆ ಔಷಧ. ಸ್ಟಿರಾಯ್ಡನ್ನು ಒಮ್ಮೆಗೇ ನಿಲ್ಲಿಸುವ ಹಾಗೂ ಇರಲಿಲ್ಲ. ಅಷ್ಟು ಕಾಲ ಅದಕ್ಕೆ ಒಗ್ಗಿದ ಮೈ ತನ್ನ ಪಾಲಿನದನ್ನು ತಯಾರಿಸುವುದನ್ನೇ ಮರೆತಿರುತ್ತದಂತೆ. ಹಂತ ಹಂತವಾಗಿ ಇಳಿಸಿದರು. ಸಾವು ಹೊಸಿಲವರೆಗೆ ಬಂದು ಹಿಂದಕ್ಕೆ ಹೋಯಿತು.

ಮುಖವಾಡ ತೆಗೆದ ಮೇಲೆ ಸೀಟಿಯಮ್ಮ ಮೊದಲು ಕೇಳಿದ್ದು, "ಈ ಹುಳ ನನ್ನೊಳಗೆ ಯಾವಾಗ ಬಂತು?" ಎಂದು.

"ಚಿಕ್ಕಂದಿನಲ್ಲಿ ಬರಿಗಾಲಲ್ಲಿ ಒದ್ದೆ ಮಣ್ಣು ತುಳೀತಿದ್ರಾ?" ಎಂದರು ಡಾಕ್ಟರು.

ಆಕೆ ಇಟ್ಟಿಗೆಗೂಡಿನ ಗುಂಡಿಯ ಕಥೆ ಹೇಳಿದಳು. ಡಾಕ್ಟರು ತಲೆಯಾಡಿಸಿದರು. ಈ ಹುಳ ಅಂಗಾಲಿನ ಚರ್ಮ ತೂರಿ ಒಳಗೆ ಬರುತ್ತದೆ, ರಕ್ತದಲ್ಲಿ ಸಾಗಿ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ, ನುಂಗಿದಾಗ ಕರುಳಿಗೆ. ಅಲ್ಲೇ ಮರಿ ಮಾಡುತ್ತದೆ, ಕೆಲವು ಮರಿಗಳು ಮತ್ತೆ ಗೋಡೆ ಕೊರೆದು ಅದೇ ಸುತ್ತು ಹಾಕುತ್ತವೆ. ಹೊರಗಿನಿಂದ ಇನ್ನೊಂದು ಹುಳ ಬರಬೇಕಾಗಿಯೇ ಇಲ್ಲ. ಸೊಂಟದ ಮೇಲೆ ಓಡುತ್ತಿದ್ದ ಕೆಂಪು ಗೆರೆ ಚರ್ಮದಡಿ ಹೊರಟ ಮರಿಯದೇ ದಾರಿ.

"ಹಾಗಾದ್ರೆ ಇಷ್ಟು ವರ್ಷ ನಾನು ಸಾಯಲಿಲ್ಲ ಯಾಕೆ?"

"ನಿಮ್ಮ ರಕ್ತ ಬಿಟ್ಟಿರಲಿಲ್ಲ" ಎಂದರು ಡಾಕ್ಟರು. "ಸಣ್ಣ ಕೀಟಾಣು ಆದ್ರೆ ಬಿಳಿ ಕಣ ನುಂಗಿಬಿಡುತ್ತೆ. ಹುಳ ದೊಡ್ದು, ನುಂಗೋಕಾಗಲ್ಲ. ಅದಕ್ಕೇ ಈ ಇಯೋಸಿನೋಫಿಲ್‌ಗಳು ಗುಂಪಾಗಿ ಮರಿಯ ಮೈಗೆ ಮುತ್ತಿಕೊಂಡು, ತಮ್ಮೊಳಗಿರೋ ವಿಷಾನ ಅದರ ಮೇಲೆ ಸುರೀತವೆ. ಹುಳ ಬಂದಿದೆ ಅಂತ ಗುರುತಿಸಿ ಇವನ್ನ ಕರೆಯೋ ಕಣಗಳು ಬೇರೆ ಇವೆ. ಕರುಳಿನ ಗೋಡೆಯಲ್ಲಿ ಕೂತಿರೋ ಇನ್ನೊಂದು ಜಾತಿ, ಲೋಳೆ ಹೆಚ್ಚೋ ಹಾಗೆ, ಕರುಳು ಹಿಂಡೋ ಹಾಗೆ ಮಾಡಿ ಹುಳಾನ ಹೊರಗೆ ತಳ್ಳೋಕೆ ನೋಡುತ್ತೆ. ಪೂರ್ತಿ ಓಡಿಸೋಕೆ ಅವಕ್ಕೆ ಆಗಿರಲಿಲ್ಲ. ಆದ್ರೆ ಹೆಚ್ಚೋಕೂ ಬಿಟ್ಟಿರಲಿಲ್ಲ."

"ರಕ್ತದಲ್ಲಿ ಆ ಕಣ ಜಾಸ್ತಿ ಇದೆ, ಅವೇ ನಿನ್ನ ಶತ್ರು ಅಂದಿದ್ಲು ಅಕ್ಕ."

"ಜಾಸ್ತಿ ಇದ್ದದ್ದು ಹುಳ ಇದ್ದದ್ದಕ್ಕೆ. ಅಲರ್ಜೀಲೂ ಅವು ಹೆಚ್ಚಾಗ್ತವೆ, ಹಾಗಾಗಿ ಮೊದಲು ನೋಡಿದ ಡಾಕ್ಟರೂ ತಪ್ಪಿದ್ರು. ಮಲ ಪರೀಕ್ಷೆ ಮಾಡಿಸಬೇಕಿತ್ತು. ಸ್ಟಿರಾಯ್ಡ್ ಕೆಟ್ಟ ಔಷಧ ಅಲ್ಲಮ್ಮಾ, ಎಷ್ಟೋ ಜನರ ಜೀವ ಉಳಿಸಿದೆ. ಆದ್ರೆ ಅದು ಈ ಕಣಗಳನ್ನ ಸಾಯಿಸುತ್ತೆ, ಅವನ್ನ ಕರೆಯೋ ಕಣಗಳ ಬಾಯಿ ಕಟ್ಟುತ್ತೆ. ತಡೆಯೋರು ಇಲ್ಲದಾಗ ಹುಳಕ್ಕೆ ಹೇಳೋರು ಕೇಳೋರು ಯಾರು?"

ಸೀಟಿಯಮ್ಮ ಕಿಟಕಿಯ ಕಡೆ ಹೊರಳಿದಳು. ಆಮೇಲೆ, "ನಾನು ಚೆನ್ನಾಗಿದ್ದೆನಲ್ಲ, ಆ ಎರಡು ವರ್ಷ" ಎಂದಳು. "ಹಾಡ್ಕೊಂಡು ಓಡಾಡ್ತಿದ್ದೆ. ಅದೂ ಸುಳ್ಳಾ?"

ಡಾಕ್ಟರು ಕುರ್ಚಿ ಹಿಂದಕ್ಕೆ ಸರಿಸಿದರು. ಎದ್ದು ಹೋಗುವ ಮುಂಚೆ ಒಂದು ಮಾತು ಹೇಳಿದರು: ಅದೇ ಮಣ್ಣು ತುಳಿದವರು ಬೇರೆ ಯಾರಾದರೂ ಬದುಕಿದ್ದರೆ ಅವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಅಂಗಡಿಯಲ್ಲಿ ನನಗೆ ಹೇಳಿದ ಸಂಜೆಗೆ ಬಾರದಿದ್ದ ಅಕ್ಕ ಅಂತೂ ಆ ದಿನ ಸಂಜೆ ಬಂದಳು. ಕೈಯಲ್ಲಿ ಹಣ್ಣಿನ ಚೀಲ. ಬಾಗಿಲಲ್ಲೇ ಡಾಕ್ಟರು ಅಡ್ಡಗಟ್ಟಿ ಹೊರಗೆ ಕರೆದೊಯ್ದು ಏನು ಹೇಳಿದರೋ, ಒಳಗೆ ಬಂದಾಗ ಮುಖ ಸುಣ್ಣ ಬಳಿದ ಗೋಡೆ. ಹಾಸಿಗೆಯ ಕಾಲಿನ ಬಳಿ ನಿಂತಳು. ತಂಗಿ ಕಣ್ಣು ತೆರೆದೇ ಇದ್ದಳು, ಆದರೆ ಅಕ್ಕನ ಕಡೆ ತಿರುಗಲಿಲ್ಲ. ಅಕ್ಕ ಚೀಲವನ್ನು ಮೇಜಿನ ಮೇಲಿಟ್ಟು, ಹೊದಿಕೆ ಸರಿ ಮಾಡಲು ಕೈ ಚಾಚಿದಳು. ತಂಗಿ ಕಾಲನ್ನು ಎಳೆದುಕೊಂಡಳು. ಅಷ್ಟೇ. ನಾನು ಎಂಥೆಂಥಾ ಜಗಳ ಕಂಡಿದ್ದೇನೆ, ಬಸ್ಸಿನಲ್ಲಿ ಚಪ್ಪಲಿ ಹಾರಿದ್ದನ್ನೂ ಕಂಡಿದ್ದೇನೆ. ಆ ಕಾಲೆಳೆತದಷ್ಟು ಭಾರವಾದದ್ದನ್ನು ಕಂಡಿಲ್ಲ.

ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾದವು. ಊದಿದ ಮುಖ ಇಳಿದು ಹಳೆಯ ಮೂಳೆ ಮತ್ತೆ ಕಾಣಿಸಿತು. ಮಲದಲ್ಲಿ ಹುಳು ಇಲ್ಲವೆಂದು ಖಾತ್ರಿಯಾಗುವವರೆಗೆ ಮತ್ತೆ ಮತ್ತೆ ಪರೀಕ್ಷೆ. ಶ್ವಾಸಕೋಶದಲ್ಲಿ ಕಲೆ ಉಳಿಯಿತು, ದನಿ ಒಡೆದುಹೋಯಿತು. ನಾನೂ ನನ್ನ ಹೆಂಡತಿಯೂ ಹೋಗಿ ಬರುತ್ತಿದ್ದೆವು. ಹೋದಾಗಲೆಲ್ಲ ಆಕೆ ತಿರುಗಿ ತಿರುಗಿ ಅದೇ ಜಾಗಕ್ಕೆ ಬರುತ್ತಿದ್ದಳು.

"ಮಾತ್ರೆ ಕೊಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ ಡ್ರೈವರಣ್ಣಾ. ತಂಗಿ ಉಸಿರಾಡ್ಲಿ ಅಂತ ಕೊಟ್ಲು, ತಿಳಿವಳಿಕೆ ಸಾಲ್ದೇ ಹೋಯ್ತು. ಆದ್ರೆ ಡಾಕ್ಟರು ಸ್ಟಿರಾಯ್ಡ್ ಅಂತ ಹೆಸರು ಹಿಡಿದು ಕೇಳಿದ್ರಲ್ಲ? ನನ್ನ ಕೈ ಹಿಡ್ಕೊಂಡೇ ಇಲ್ಲ ಅಂದ್ಲಲ್ಲ? ನಾನು ಪಕ್ಕದಲ್ಲೇ ಮಲಗಿದ್ದೆ."

"ಹೆದರಿದ್ದಳೇನೋ" ಎಂದಳು ನನ್ನ ಹೆಂಡತಿ.

"ಹೌದು. ಅಂಗಡಿ ಮುಚ್ಚಿಸ್ತಾರೆ ಅಂತ ಹೆದರಿದ್ಲು. ನಾನು ಸಾಯ್ತೀನಿ ಅಂತ ಹೆದರಲಿಲ್ಲ."

ಅಕ್ಕ ಎಷ್ಟೋ ಸಲ ಬಾಗಿಲವರೆಗೆ ಬಂದು ಹೋದಳಂತೆ. ಸೀಟಿಯಮ್ಮ ಚಿಲಕ ತೆಗೆಯಲಿಲ್ಲ. ಆದರೆ ಡಾಕ್ಟರ ಮಾತು ಆಕೆಗೆ ಬಿಸಿ ತುಪ್ಪವಾಗಿತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಗುಂಡಿಯಲ್ಲಿ ಕೈ ಹಿಡಿದು ಜೊತೆಗೆ ಮಣ್ಣು ತುಳಿದವಳು ಅಕ್ಕನೇ. ಕೊನೆಗೆ ಒಂದು ದಿನ, ಊರುಗೋಲು ಬಿಟ್ಟು ನಡೆಯಲು ಬಂದ ಮೇಲೆ, ತಾನೇ ಅಂಗಡಿಗೆ ಹೋದಳು. ಬೀಳದಂತೆ ಜೊತೆಗಿರಲಿ ಎಂದು ನನ್ನನ್ನೂ ಕರೆದುಕೊಂಡಳು.

ಮಟ ಮಟ ಮಧ್ಯಾಹ್ನ. ಗಿರಾಕಿಗಳಿದ್ದರು. ತಂಗಿಯನ್ನು ಕಂಡದ್ದೇ ಅಕ್ಕ ಗಲ್ಲಾ ಬಿಟ್ಟು ಎದ್ದಳು.

"ಬಾ, ಒಳಗೆ ಬಾ, ಬಿಸಿಲಲ್ಲಿ ಯಾಕೆ ಬಂದೆ?"

"ಒಳಗೆ ಬರಲ್ಲ. ನಿನ್ನ ಹೊಟ್ಟೇಲೂ ಆ ಹುಳ ಇರಬಹುದಂತೆ. ಪರೀಕ್ಷೆ ಮಾಡಿಸ್ಕೋ. ಅಲ್ಲೀವರೆಗೂ ಮಂಡಿ ನೋವಿಗೆ ಅಂತ ಆ ಮಾತ್ರೆ ಮುಟ್ಟಬೇಡ. ನೀನೂ ಆಗೀಗ ತಗೊಳ್ತೀಯ, ನನಗೆ ಗೊತ್ತು."

ಅಕ್ಕನ ಕಣ್ಣು ತುಂಬಿತು. "ನಿನ್ನ ಎತ್ತಿ ಆಡಿಸಿದ ಕೈ ಕಣೇ ಇದು. ನಿನ್ನ ಕೊಲ್ತೀನಾ ನಾನು?"

"ಕೊಲ್ತಿರಲಿಲ್ಲ ಅಕ್ಕಾ. ಸಾಯೋಕೆ ಬಿಡ್ತಿದ್ದೆ."

ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೀಟಿಯಮ್ಮ ಒಡಕು ದನಿಯಲ್ಲೇ ಮುಂದುವರಿಸಿದಳು. "ಇನ್ನೂ ಯಾರ್ಯಾರಿಗೆ ಡಬ್ಬಿಗೆ ತುಂಬಿ ಕೊಟ್ಟಿದೀಯೋ ಅವರಿಗೆಲ್ಲ ಏನು ಕೊಟ್ಟೆ ಅಂತ ನೀನೇ ಹೇಳು. ಒಮ್ಮೆಲೇ ನಿಲ್ಲಿಸಬೇಡಿ, ಡಾಕ್ಟರ ಹತ್ರ ಹೋಗಿ ಅನ್ನು. ನೀನು ಹೇಳದಿದ್ರೆ ನಾನು ಬಸ್ಸಲ್ಲಿ ಹೇಳ್ತೀನಿ. ಗಂಟಲು ಹೋಗಿರಬಹುದು, ಬಾಯಿ ಹೋಗಿಲ್ಲ."

"ನನ್ನ ಮಾನ ಕಳೀತೀಯಾ?"

"ಬೇಲಿನೇ ಎದ್ದು ಹೊಲ ಮೇಯ್ದ ಮೇಲೆ ಯಾರ ಮಾನ ಅಕ್ಕಾ?"

ಅಷ್ಟು ಹೇಳಿ ತಿರುಗಿದಳು. ಬೀದಿಯ ತಿರುವಿನವರೆಗೆ ಗಟ್ಟಿಯಾಗಿ ನಡೆದಳು. ತಿರುವು ದಾಟಿದ ಮೇಲೆ ಒಂದು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತು ಅತ್ತಳು. ನಾನು ನೀರಿನ ಬಾಟಲಿ ಹಿಡಿದು ನಿಂತಿದ್ದೆ. "ಅಮ್ಮನ ಮುಖ ನನಗೆ ನೆನಪಿಲ್ಲ" ಎಂದಳು. "ಅಮ್ಮ ಅಂದ್ರೆ ಇವಳದೇ ಮುಖ ಬರುತ್ತೆ. ಈಗ ಏನ್ಮಾಡ್ಲಿ?"

ಅಕ್ಕ ಪರೀಕ್ಷೆ ಮಾಡಿಸಿಕೊಂಡಳು. ಆಕೆಗೂ ಹುಳು ಇತ್ತು, ಹೆಚ್ಚು ಹಬ್ಬಿರಲಿಲ್ಲ, ಔಷಧದಿಂದ ಹೋಯಿತು. ಅಂಗಡಿಯಲ್ಲಿ ಈಗ ಓದಿ ಪರವಾನಗಿ ಪಡೆದ ಒಬ್ಬಾಕೆ ಕೂರುತ್ತಾಳೆ. ಬೀದಿಯವರಿಗೆ ಅಕ್ಕ ತಾನೇ ಹೋಗಿ ಹೇಳಿದಳಂತೆ. ಕೆಲವರು ಬೈದರು, ಕೆಲವರು "ನೀವು ಕೊಟ್ಟಿದ್ದೇ ಚೆನ್ನಾಗಿತ್ತು" ಎಂದು ಮತ್ತೆ ಕೇಳಿದರಂತೆ. ಅವರಿಗೂ ಇಲ್ಲವೆಂದಳು. ಇದನ್ನೆಲ್ಲ ನಾನು ಸೀಟಿಯಮ್ಮನಿಗೆ ಹೇಳಿದೆ. ಕೇಳಿಸಿಕೊಂಡು ಬೇರೆ ಮಾತು ತೆಗೆದಳು.

ಆಕೆ ಕೆಲಸಕ್ಕೆ ಮರಳಿದ ಮೇಲೆ, ಚಳಿಗಾಲ ಕಳೆದು ಬಿಸಿಲು ಏರುತ್ತಿದ್ದ ದಿನಗಳಲ್ಲಿ, ಒಂದು ಬೆಳಿಗ್ಗೆ ಮಾರುಕಟ್ಟೆ ಸ್ಟಾಪಿನಲ್ಲಿ ಅಕ್ಕ ನಮ್ಮ ಬಸ್ಸು ಹತ್ತಿದಳು. ಬೇರೆ ಬಸ್ಸುಗಳೂ ಅದೇ ದಾರಿಯಲ್ಲಿ ಹೋಗುತ್ತವೆ. ಬೇಕೆಂದೇ ಇದಕ್ಕೆ ಕಾದಿದ್ದಳು ಎಂದು ನನಗೆ ಅನ್ನಿಸಿತು. ಕನ್ನಡಿಯಲ್ಲಿ ನೋಡಿದೆ. ಸೊರಗಿದ್ದಳು. ನಡುವಿನ ಸೀಟಿನಲ್ಲಿ ಕೂತು, ಚೀಲ ತೊಡೆಯ ಮೇಲಿಟ್ಟುಕೊಂಡು, ಟಿಕೆಟ್ ಕೊಡುತ್ತಾ ಹತ್ತಿರ ಹತ್ತಿರ ಬರುತ್ತಿದ್ದ ತಂಗಿಯನ್ನೇ ನೋಡುತ್ತಿದ್ದಳು.

ಸೀಟಿಯಮ್ಮ ಆ ಸೀಟಿನ ಬಳಿ ನಿಂತಳು. ಬಾಲ್ಯದಿಂದ ಏಕವಚನದಲ್ಲಿ ಕರೆದ ಬಾಯಿ.

"ನಿಮಗೆ ಎಲ್ಲಿಗೆ ಹೋಗಬೇಕು?" ಎಂದು ಕೇಳಿದಳು.

ಅಕ್ಕ ಚೀಲದಲ್ಲಿ ಚಿಲ್ಲರೆ ಹುಡುಕಿದಳು. ಆಮೇಲೆ ಸ್ಟಾಪಿನ ಹೆಸರು ಹೇಳಿದ್ದು ನನಗೆ ಕೇಳಿಸಲಿಲ್ಲ, ಟಿಕೆಟ್ ಹರಿದ ಸದ್ದು ಕೇಳಿಸಿತು. ಮೂರು ಸ್ಟಾಪು ಆದ ಮೇಲೆ ಅಕ್ಕ ಹಿಂದಿನ ಬಾಗಿಲಿನಿಂದ ಇಳಿದಳು. ಇಳಿಯುವಾಗ ಮಂಡಿ ಹಿಡಿದಿತ್ತೇನೋ, ಎರಡು ಕೈಯಿಂದಲೂ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. "ನಿಧಾನ, ನಿಧಾನ, ಇನ್ನೂ ಇಳೀತಿದಾರೆ" ಎಂದು ಹಿಂದಿನಿಂದ ಆ ಒಡಕು ದನಿ ಬಂತು. ನಾನು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಕಾದೆ.